ಮುರಿದ ಎಲುಬು ಕೂಡುವ ಬಗೆ

ದೀಪಾವಳಿ ಬಂದಿತೆಂದರೆ ಹಾವೇರಿ ಸೀಮೆಯ ಹಳ್ಳಿಹಳ್ಳಿಗಳಲ್ಲಿ ಹೋರಿಹಬ್ಬದ ಸಂಭ್ರಮ ಮೊದಲಾಗುವುದು. ಕೊರಳಲ್ಲಿ ಒಣಕೊಬ್ಬರಿಯ ಸರಗಳನ್ನು ಧರಿಸಿದ ಹೋರಿಯು ಜನರ ನಡುವಣ ಇಕ್ಕಟ್ಟಾದ ದಾರಿಯಲ್ಲಿ ಬಾಣದಂತೆ ನುಗ್ಗಿಬರುವುದು. ಆ ಕೊಬ್ಬರಿಯನ್ನು ಹರಿದುಕೊಳ್ಳಬೇಕೆಂದು ತರುಣರು ಅದರ ಮೇಲೆ ಬೀಳುವರು. ಕೊಬ್ಬರಿ ಕೈಗೆ ಸಿಕ್ಕವನು ಅಂದಿನ ವೀರನಾಗುತ್ತಾನೆ. ಹೋರಿಯ ಕಾಲಿಗೆ ಸಿಕ್ಕವನು ಎಲುಬು ಮುರಿದುಕೊಂಡು ಮನೆ ಸೇರುತ್ತಾನೆ.

ಎಲುಬು ಮುರಿಯಲು ಹಬ್ಬವೇ ಬರಬೇಕೆಂದಿಲ್ಲ. ಪುಣೆಯಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯು ಹಾವೇರಿಯನ್ನೂ ರಾಣೇಬೆನ್ನೂರನ್ನೂ ಹಾದುಹೋಗಿದೆ. ೨೦೨೪ನೆಯ ಇಸವಿ ಜೂನ್ ೨೮ರ ಬೆಳಗಿನ ಜಾವ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿಯ ಬಳಿ, ನಿಂತಿದ್ದ ಲಾರಿಗೆ ಪ್ರಯಾಣಿಕರ ವಾಹನವೊಂದು ಬಡಿದು ೧೩ ಜನ ಮಡಿದರು. ಅಂಥ ಘೋರ ದುರಂತಗಳು ಪತ್ರಿಕೆಗಳಲ್ಲಿ ವರದಿಯಾಗುತ್ತವೆ. ಆದರೆ ಸೈಕಲ್ ಮೋಟಾರಿನಿಂದ ಉರುಳಿದವನು, ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿಯ ಚೀಲ ಹೊರುವಾಗ ಅಡಿ ತಪ್ಪಿದವನು, ಬಚ್ಚಲಲ್ಲಿ ಜಾರಿದ ಮುದುಕಿ, ಇವರ ಸುದ್ದಿ ಮನೆಯ ಹೊಸ್ತಿಲು ದಾಟುವುದಿಲ್ಲ. ಎಲುಬು ಮುರಿಯದ ಮನೆತನವೇ ಇಲ್ಲವೆಂದರೂ ಸಲ್ಲುತ್ತದೆ.

ಒಂದು ದೃಷ್ಟಾಂತವನ್ನು ತೆಗೆದುಕೊಳ್ಳೋಣ. ರಾಣೇಬೆನ್ನೂರಿನ ಸಮೀಪದ ಹಳ್ಳಿಯೊಂದರಲ್ಲಿ ಏಳು ವರ್ಷದ ಹುಡುಗನು ಹುಣಿಸೆಯ ಮರದಿಂದ ಕೈಯೂರಿ ಬಿದ್ದನೆಂದು ಭಾವಿಸಿರಿ. ಮೊಣಕೈ ಕ್ಷಣಮಾತ್ರದಲ್ಲಿ ಬಾತುಕೊಂಡಿತು. ಹುಡುಗನು ಕೈಯನ್ನು ಮುಟ್ಟಗೊಡನು. ಮನೆಯವರು ಏನು ಮಾಡಬೇಕು? ಬಿಗಿಯಾಗಿ ಕಟ್ಟಿಸಬೇಕೆ, ನೀವಿಸಬೇಕೆ, ಆಸ್ಪತ್ರೆಗೆ ಒಯ್ಯಬೇಕೆ? ಒಯ್ದರೆ ವೈದ್ಯರು ಅಲ್ಲಿ ಮಾಡುವುದಾದರೂ ಏನು? ಇದಕ್ಕೆ ಉತ್ತರ ಹೇಳಬೇಕಾದರೆ ಎಲುಬೆಂಬುದು ಏನು ಎಂಬುದನ್ನು ಮೊದಲು ತಿಳಿಯಬೇಕು.

ಎಲುಬು ಜಡವಸ್ತುವಲ್ಲ

ಎಲುಬೆಂದರೆ ದೇಹದೊಳಗಿನ ಕಲ್ಲುಕಂಬವೆಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಇದು ತಪ್ಪು. ವಯಸ್ಕನ ದೇಹದಲ್ಲಿರುವ ೨೦೬ ಎಲುಬುಗಳಲ್ಲಿ ಪ್ರತಿಯೊಂದೂ ಜೀವವುಳ್ಳ ಅಂಗ. ಅದರೊಳಗೆ ಜೀವಕೋಶಗಳಿವೆ, ನರಗಳಿವೆ, ಎಲ್ಲಕ್ಕಿಂತ ಮುಖ್ಯವಾಗಿ ರಕ್ತನಾಳಗಳಿವೆ. ಅದರ ದ್ರವ್ಯದಲ್ಲಿ ಎರಡು ಮುಖ್ಯಾಂಶಗಳು: ಕೊಲಾಜನ್ ಎಂಬ ಪ್ರೋಟೀನಿನ ನಾರುಗಳು ಒಂದು, ಅವುಗಳ ನಡುವೆ ಕೂಡಿಕೊಂಡಿರುವ ಕ್ಯಾಲ್ಸಿಯಂ ಮತ್ತು ರಂಜಕದ ಲವಣಗಳು ಇನ್ನೊಂದು. ವಿದ್ಯಾರ್ಥಿಗಳು ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಕೋಳಿಯ ಕಾಲೆಲುಬನ್ನು ಕೆಲವು ದಿನ ವಿನೆಗರಿನಲ್ಲಿ ನೆನೆಯಿಟ್ಟರೆ ಲವಣಗಳು ಕರಗಿಹೋಗಿ ಎಲುಬು ರಬ್ಬರಿನಂತೆ ಬಾಗುವುದು. ಅದೇ ಎಲುಬನ್ನು ಸುಟ್ಟರೆ ನಾರುಗಳು ನಾಶವಾಗಿ, ಉಳಿದ ಲವಣವು ಬೆರಳ ಒತ್ತಡಕ್ಕೇ ಪುಡಿಯಾಗುವುದು. ಬಾಗುವ ಗುಣವೂ ಗಡಸುತನವೂ ಕೂಡಿದುದರಿಂದಲೇ ಎಲುಬಿಗೆ ಬಲ ಬಂದಿದೆ.

ಮುರಿದ ಗಾಜು ತಾನಾಗಿ ಕೂಡುವುದಿಲ್ಲ; ಮುರಿದ ಎಲುಬು ಕೂಡುತ್ತದೆ. ಮುರಿದ ಕ್ಷಣದಲ್ಲಿ ಎರಡು ತುದಿಗಳ ನಡುವೆ ರಕ್ತ ಸುರಿದು ಹೆಪ್ಪುಗಟ್ಟುವುದು. ಮುಂದಿನ ದಿನಗಳಲ್ಲಿ ಆ ಹೆಪ್ಪಿನೊಳಕ್ಕೆ ಹೊಸ ರಕ್ತನಾಳಗಳೂ ಕಟ್ಟುವ ಕೋಶಗಳೂ ನುಗ್ಗುತ್ತವೆ. ಎರಡು ಮೂರು ವಾರಗಳಲ್ಲಿ ಅಲ್ಲಿ ನಾರು ಮತ್ತು ಮೃದ್ವಸ್ಥಿಗಳ ಮೆತ್ತನೆಯ ಬೆಸುಗೆ ತೋರುವುದು. ಕ್ರಮೇಣ ಅದರಲ್ಲಿ ಸುಣ್ಣದಂಶ ಸೇರಿ ಬೆಸುಗೆ ಗಟ್ಟಿಯಾಗುವುದು. ಆಮೇಲೆ ತಿಂಗಳುಗಳ, ಕೆಲವೊಮ್ಮೆ ವರ್ಷಗಳ ಕಾಲ, ಹೆಚ್ಚಾದುದನ್ನು ಕೆತ್ತಿ ಕಡಿಮೆಯಾದುದನ್ನು ತುಂಬುವ ಕಾರ್ಯ ನಡೆಯುತ್ತದೆ. ಭಾರ ಬೀಳುವ ಕಡೆ ಎಲುಬು ದಪ್ಪವಾಗುವುದೆಂಬ ತತ್ತ್ವವನ್ನು ಜರ್ಮನಿಯ ಯೂಲಿಯುಸ್ ವೋಲ್ಫ್ ೧೮೯೨ರಲ್ಲಿ ವಿವರಿಸಿದನು. ಮಕ್ಕಳ ಎಲುಬು ಕೆಲವೇ ವಾರಗಳಲ್ಲಿ ಕೂಡುವುದು. ವಯಸ್ಕನ ಮೊಣಕಾಲ ಕೆಳಗಿನ ದೊಡ್ಡ ಎಲುಬಿಗೆ ಮೂರು ನಾಲ್ಕು ತಿಂಗಳಾದರೂ ಬೇಕು. ಧೂಮಪಾನಿಗಳಲ್ಲಿ ಇನ್ನೂ ತಡವಾಗುತ್ತದೆ.

ಹೀಗಾಗಿ ಎಲುಬನ್ನು ಕೂಡಿಸುವವನು ವೈದ್ಯನಲ್ಲ, ದೇಹವೇ. ವೈದ್ಯನ ಕೆಲಸ ಮೂರು: ತುದಿಗಳನ್ನು ಸರಿಯಾದ ನೆಲೆಗೆ ತರುವುದು, ಅಲುಗದಂತೆ ಹಿಡಿದಿಡುವುದು, ರಕ್ತಸಂಚಾರಕ್ಕೆ ಅಡ್ಡಿಯಾಗದಂತೆ ನೋಡಿಕೊಳ್ಳುವುದು. ಮೊದಲಿನ ಎರಡನ್ನು ಮನುಷ್ಯನು ಬಹು ಹಿಂದೆಯೇ ಕಲಿತನು. ಮೂರನೆಯದನ್ನು ಕಲಿಯಲು ಅನೇಕ ಕೈಕಾಲುಗಳನ್ನು ಬೆಲೆಯಾಗಿ ತೆರಬೇಕಾಯಿತು.

ನಿದಾನ: ಕಣ್ಣು, ಕೈ ಮತ್ತು ಕಿರಣ

ಆಸ್ಪತ್ರೆಗೆ ಬಂದ ನಮ್ಮ ಹುಡುಗನ ಮೊಣಕೈಯನ್ನು ಅನುಭವಿಯಾದ ವೈದ್ಯನು ಮೊದಲು ಮುಟ್ಟುವುದಿಲ್ಲ. ಅವನು ಮಣಿಕಟ್ಟಿನಲ್ಲಿ ನಾಡಿಯನ್ನು ಹುಡುಕುವನು. ಬೆರಳುಗಳು ಬೆಚ್ಚಗಿವೆಯೆ, ಉಗುರನ್ನು ಒತ್ತಿ ಬಿಟ್ಟರೆ ಕೆಂಪು ಮರಳುವುದೆ ಎಂದು ನೋಡುವನು. ಬೆರಳ ತುದಿಗಳಲ್ಲಿ ಸ್ಪರ್ಶಜ್ಞಾನವಿದೆಯೆ ಎಂದು ಕೇಳುವನು. ಹೆಬ್ಬೆರಳನ್ನು ಎತ್ತಲು ಹೇಳುವನು. ಮೊಣಕೈಯ ಮುಂಭಾಗದಲ್ಲಿಯೇ ಕೈಯ ಮುಖ್ಯ ರಕ್ತನಾಳವೂ ಒಂದು ಮುಖ್ಯ ನರವೂ ಹಾದುಹೋಗುತ್ತವೆ. ಮುರಿದ ಎಲುಬಿನ ಚೂಪಾದ ತುದಿಯು ಅವುಗಳನ್ನು ಚುಚ್ಚಿರಬಹುದು, ಒತ್ತಿರಬಹುದು. ಎಲುಬು ನಾಳೆಯವರೆಗೆ ಕಾಯಬಲ್ಲದು. ರಕ್ತವಿಲ್ಲದ ಸ್ನಾಯು ಕಾಯಲಾರದು.

ಆ ಬಳಿಕ ಎಕ್ಸ್-ಕಿರಣ. ೧೮೯೫ರ ನವೆಂಬರಿನಲ್ಲಿ ಜರ್ಮನಿಯ ವಿಲ್‌ಹೆಲ್ಮ್ ರಾಂಟ್‌ಗನ್ ಈ ಕಿರಣಗಳನ್ನು ಕಂಡುಹಿಡಿದನು. ಕೆಲವೇ ತಿಂಗಳೊಳಗಾಗಿ ಲೋಕದ ನಾನಾ ಕಡೆಗಳಲ್ಲಿ ಮುರಿದೆಲುಬಿನ ಚಿತ್ರಗಳನ್ನು ತೆಗೆಯತೊಡಗಿದರು. ಕ್ಯಾಲ್ಸಿಯಂ ಕಿರಣಗಳನ್ನು ಹೆಚ್ಚಾಗಿ ಹೀರುವುದರಿಂದ ಎಲುಬು ಬೆಳ್ಳಗೆ ಕಾಣುವುದು, ಮಾಂಸವು ಮಬ್ಬಾಗಿ ತೋರುವುದು. ಆದರೆ ಈ ಚಿತ್ರವು ಒಂದು ನೆರಳು ಮಾತ್ರ. ನಾಣ್ಯದ ನೆರಳು ಒಂದು ದಿಕ್ಕಿನಿಂದ ವೃತ್ತ, ಇನ್ನೊಂದು ದಿಕ್ಕಿನಿಂದ ಗೆರೆ. ಆದುದರಿಂದ ಮುಂದಿನಿಂದೊಂದು, ಪಕ್ಕದಿಂದೊಂದು ಹೀಗೆ ಕಡೆಯ ಪಕ್ಷ ಎರಡು ಚಿತ್ರಗಳು ಬೇಕು. ಉದ್ದೆಲುಬಾದರೆ ಅದರ ಮೇಲಿನ ಕೀಲೂ ಕೆಳಗಿನ ಕೀಲೂ ಚಿತ್ರದೊಳಗೆ ಬರಬೇಕು.

ನೆರಳು ಎಲ್ಲವನ್ನೂ ಹೇಳುವುದಿಲ್ಲ. ಮಣಿಕಟ್ಟಿನಲ್ಲಿ ದೋಣಿಯಾಕಾರದ ಸಣ್ಣದೊಂದು ಎಲುಬಿದೆ. ಅದು ಬಿರಿದರೆ ಮೊದಲ ದಿನದ ಚಿತ್ರದಲ್ಲಿ ಹಲವು ವೇಳೆ ಏನೂ ಕಾಣುವುದಿಲ್ಲ. ಹತ್ತು ಹದಿನಾಲ್ಕು ದಿನಗಳ ಮೇಲೆ ತೆಗೆದ ಚಿತ್ರದಲ್ಲಿ ಬಿರುಕು ತೋರುತ್ತದೆ. ಹಾಗೆಯೇ ಕೀಲುಗಳನ್ನು ಬಿಗಿದಿರುವ ಅಸ್ಥಿರಜ್ಜುಗಳಾಗಲಿ, ಮೊಣಕಾಲಿನೊಳಗಿನ ಮೃದ್ವಸ್ಥಿಯ ಬಿಲ್ಲೆಗಳಾಗಲಿ ಈ ಕಿರಣಕ್ಕೆ ಗೋಚರವಲ್ಲ. ಕಬಡ್ಡಿಯಾಡುವಾಗ ಕಾಲು ತಿರುಚಿ, ಮೊಣಕಾಲಿನಲ್ಲಿ ‘ಟಪ್’ ಎಂಬ ಸದ್ದು ಕೇಳಿ, ಕೆಲವು ಗಂಟೆಗಳಲ್ಲಿ ಬಾತು ಬಂದ ಆಟಗಾರನ ಎಕ್ಸ್-ಕಿರಣ ಚಿತ್ರವು ನಿರ್ದೋಷವಾಗಿರಬಹುದು. ಒಳಗೆ ರಜ್ಜು ಹರಿದಿರಬಹುದು. ಇಂಥಲ್ಲಿ ಎಂ.ಆರ್.ಐ. ನೆರವಿಗೆ ಬರುವುದು. ಅದು ದೇಹದೊಳಗಿನ ಜಲಜನಕದ ಪರಮಾಣುಗಳನ್ನು ಬಲವಾದ ಅಯಸ್ಕಾಂತಕ್ಷೇತ್ರದಲ್ಲಿ ಮಿಡಿಸಿ ಚಿತ್ರ ಬರೆಯುವ ಯಂತ್ರ. ಕೀಲಿನೊಳಗೆ ಎಲುಬು ಹಲವು ಚೂರಾಗಿದ್ದರೆ ಸಿ.ಟಿ. ಯಂತ್ರವು ಪದರಪದರವಾಗಿ ಚಿತ್ರ ತೆಗೆದು, ಗಣಕದ ಸಹಾಯದಿಂದ ಚೂರುಗಳ ನೆಲೆಯನ್ನು ತೋರಿಸುವುದು. ೧೯೭೧ರಲ್ಲಿ ಇದನ್ನು ಮೊದಲಬಾರಿಗೆ ರೋಗಿಯ ಮೇಲೆ ಪ್ರಯೋಗಿಸಿದರು. ಆದರೂ ಯಾವ ಯಂತ್ರವೂ ನಾಡಿ ಹಿಡಿದು ನೋಡುವ ಬೆರಳಿಗೆ ಬದಲಿಯಲ್ಲ.

ಬಿಗಿದು ಕಟ್ಟಿದ ಕೈ

ಎಲುಬು ಕಟ್ಟುವ ಕಲೆ ನಮ್ಮ ನಾಡಿಗೆ ಹೊಸದಲ್ಲ. ಸುಶ್ರುತಸಂಹಿತೆಯು ಎಲುಬಿನ ಮುರಿತಗಳಲ್ಲಿ ೧೨ ಬಗೆಗಳನ್ನೂ ಕೀಲು ತಪ್ಪುವುದರಲ್ಲಿ ೬ ಬಗೆಗಳನ್ನೂ ಎಣಿಸಿದೆ. ಕಟ್ಟು ಸಡಿಲವಾದರೆ ಕೀಲು ಸ್ಥಿರವಾಗದು, ಬಿಗಿಯಾದರೆ ಬಾವೂ ನೋವೂ ಕೀವೂ ಆಗುವುದು, ಆದುದರಿಂದ ಕಟ್ಟು ಮಧ್ಯಮವಾಗಿರಬೇಕು ಎಂಬುದು ಅಲ್ಲಿನ ಅಭಿಪ್ರಾಯ. ಬೇಸಗೆಯಲ್ಲಿ ೩ ದಿನಕ್ಕೊಮ್ಮೆ, ಚಳಿಗಾಲದಲ್ಲಿ ೭ ದಿನಕ್ಕೊಮ್ಮೆ ಕಟ್ಟನ್ನು ಬಿಚ್ಚಿ ಕಟ್ಟಬೇಕೆಂದೂ ಹೇಳಿದೆ. ಹಳ್ಳಿಗಳಲ್ಲಿ ಇಂದಿಗೂ ಬಿದಿರಿನ ದಬ್ಬೆ ಇಟ್ಟು ಬಟ್ಟೆ ಸುತ್ತುವ ನಾಟಿವೈದ್ಯರಿದ್ದಾರೆ. ಅವರು ಕಟ್ಟಿದ ಎಷ್ಟೋ ಎಲುಬುಗಳು ಕೂಡಿವೆ. ಸರಳವಾದ ಮುರಿತವು ಅಲುಗದಿದ್ದರೆ ತಾನೇ ಕೂಡುತ್ತದೆ ಎಂಬುದನ್ನು ನಾವು ಆಗಲೇ ನೋಡಿದೆವು. ಅಪಾಯವಿರುವುದು ಕಣ್ಣಿಗೆ ಕಾಣದ ಮುರಿತದಲ್ಲಿ, ಮತ್ತು ಬಿಗಿದು ಕಟ್ಟಿದ ಕಟ್ಟಿನಲ್ಲಿ.

ಮುರಿದ ಕೈ ಮೊದಲ ಒಂದೆರಡು ದಿನ ಬಾಯುತ್ತಲೇ ಹೋಗುವುದು. ಹೊರಗೆ ಬಿಗಿಯಾದ ಕಟ್ಟಿದ್ದರೆ ಬಾವಿಗೆ ಹಿಗ್ಗಲು ಎಡೆಯಿಲ್ಲ. ಒಳಗಿನ ಒತ್ತಡ ಏರಿ ಸೂಕ್ಷ್ಮ ರಕ್ತನಾಳಗಳು ಮುಚ್ಚಿಹೋಗುತ್ತವೆ. ಹೀಗೆ ಸುಮಾರು ಆರು ಗಂಟೆ ರಕ್ತ ನಿಂತರೆ ಸ್ನಾಯುಗಳು ಸಾಯತೊಡಗುತ್ತವೆ. ಸತ್ತ ಸ್ನಾಯು ನಾರಾಗಿ ಕುಗ್ಗಿ ಬೆರಳುಗಳನ್ನು ಒಳಕ್ಕೆ ಎಳೆಯುವುದು. ಕೈ ಹಕ್ಕಿಯ ಪಂಜದಂತಾಗಿ ಜೀವಮಾನವಿಡೀ ಹಾಗೆಯೇ ಉಳಿಯುವುದು. ಜರ್ಮನಿಯ ಶಸ್ತ್ರವೈದ್ಯ ರಿಚರ್ಡ್ ಫೋಕ್‌ಮನ್ ೧೮೮೧ರಲ್ಲಿ ಇದನ್ನು ವರ್ಣಿಸಿ, ಬಿಗಿಯಾದ ಕಟ್ಟೇ ಇದಕ್ಕೆ ಕಾರಣವೆಂದು ತೋರಿಸಿದನು. ಇದು ನಾಟಿವೈದ್ಯರ ಕಟ್ಟಿಗೆ ಮಾತ್ರ ಹೇಳಿದ ಮಾತಲ್ಲ. ಡಚ್ ಸೇನೆಯ ವೈದ್ಯ ಮಥೈಸನ್ ೧೮೫೨ರಲ್ಲಿ ಪ್ರಚಾರಕ್ಕೆ ತಂದ ಪ್ಲಾಸ್ಟರ್ ಕಟ್ಟು ಕೂಡ ಬಿಗಿಯಾದರೆ ಇದೇ ಕೇಡನ್ನು ಮಾಡಬಲ್ಲದು. ಪ್ಲಾಸ್ಟರ್ ಹಾಕಿದ ಮೇಲೆ ನೋವು ತಗ್ಗಬೇಕು. ತಗ್ಗದೆ ಏರುತ್ತಿದ್ದರೆ, ಬೆರಳನ್ನು ಮೆಲ್ಲನೆ ನೇರ ಮಾಡಿದೊಡನೆ ಹುಡುಗನು ಚೀರಿದರೆ, ಬೆರಳು ಜೋಮುಹಿಡಿದರೆ ಅಥವಾ ತಣ್ಣಗಾದರೆ, ಮಧ್ಯರಾತ್ರಿಯಾದರೂ ಆಸ್ಪತ್ರೆಗೆ ಮರಳಬೇಕು. ನಾಡಿ ಆಡುತ್ತಿದೆಯೆಂದು ಸುಮ್ಮನಿರಲೂ ಆಗದು. ಒತ್ತಡವು ಸ್ನಾಯುವನ್ನು ಕೊಲ್ಲುತ್ತಿರುವಾಗಲೂ ದೊಡ್ಡ ನಾಡಿ ಮಿಡಿಯುತ್ತಿರಬಹುದು. ಕಟ್ಟನ್ನು ಪೂರ್ತಿಯಾಗಿ ಸೀಳುವುದೇ ಮೊದಲ ಚಿಕಿತ್ಸೆ. ಅದು ಸಾಲದಾದರೆ ಸ್ನಾಯುವಿನ ಹೊದಿಕೆಯನ್ನೇ ಕೊಯ್ದು ಒತ್ತಡವನ್ನು ಇಳಿಸಬೇಕಾಗುತ್ತದೆ.

ಶಸ್ತ್ರ ಯಾವಾಗ?

ಎಲ್ಲ ಮುರಿತಕ್ಕೂ ಶಸ್ತ್ರಚಿಕಿತ್ಸೆ ಬೇಕಿಲ್ಲ. ಎಲುಬು ಚರ್ಮವನ್ನು ಸೀಳಿ ಹೊರಬಂದಿದ್ದರೆ, ಮುರಿತವು ಕೀಲಿನ ನುಣುಪಾದ ಮೈಯನ್ನು ಒಡೆದಿದ್ದರೆ, ತುದಿಗಳು ಕೂಡಿಸಿದರೂ ನಿಲ್ಲದಿದ್ದರೆ, ರಕ್ತನಾಳಕ್ಕೆ ಪೆಟ್ಟಾಗಿದ್ದರೆ ಶಸ್ತ್ರಕ್ಕೆ ಕೈಹಾಕುತ್ತಾರೆ.

ಒಂದು ಕಾಲದಲ್ಲಿ ಹೊರಬಂದ ಮುರಿತವೆಂದರೆ ಕಾಲು ಕತ್ತರಿಸುವುದು ಇಲ್ಲವೆ ಸಾಯುವುದು ಎಂದೇ ಅರ್ಥವಾಗಿತ್ತು. ೧೮೬೫ರ ಆಗಸ್ಟ್ ೧೨ರಂದು ಗ್ಲಾಸ್ಗೋ ನಗರದಲ್ಲಿ ಬಂಡಿಯ ಚಕ್ರ ಹರಿದು ಕಾಲು ಮುರಿದ ೧೧ ವರ್ಷದ ಜೇಮ್ಸ್ ಗ್ರೀನ್ಲೀಸ್ ಎಂಬ ಬಾಲಕನನ್ನು ಜೋಸೆಫ್ ಲಿಸ್ಟರನ ಬಳಿಗೆ ತಂದರು. ಗಾಯವನ್ನು ಕೊಳೆಸುವುದು ಸೂಕ್ಷ್ಮಜೀವಿಗಳೆಂದು ನಂಬಿದ ಲಿಸ್ಟರನು ಕಾರ್ಬಾಲಿಕ್ ಆಮ್ಲದಲ್ಲಿ ಅದ್ದಿದ ಬಟ್ಟೆಯನ್ನು ಗಾಯದ ಮೇಲಿಟ್ಟನು. ಕೀವಾಗಲಿಲ್ಲ, ಆರು ವಾರಗಳಲ್ಲಿ ಎಲುಬು ಕೂಡಿತು. ಶಸ್ತ್ರವೈದ್ಯನು ಎಲುಬಿನ ಬಳಿಗೆ ಧೈರ್ಯವಾಗಿ ಹೋಗುವಂತಾದುದು ಅಲ್ಲಿಂದೀಚೆಗೆ. ಇಂದು ಅಂಥ ಗಾಯಕ್ಕೆ ಆಂಟಿಬಯೋಟಿಕ್ ಔಷಧವನ್ನು ಸಾಧ್ಯವಾದಷ್ಟು ಬೇಗ ಕೊಟ್ಟು, ಮಣ್ಣನ್ನೂ ಸತ್ತ ಮಾಂಸವನ್ನೂ ತೆಗೆದು ತೊಳೆಯುತ್ತಾರೆ.

ತೊಡೆಯೆಲುಬು ಮುರಿದವನ ತೊಡೆಯೊಳಗೇ ಒಂದು ಲೀಟರು ಅಥವಾ ಹೆಚ್ಚು ರಕ್ತ ಸೋರಬಹುದು. ಹಿಂದೆ ಇಂಥವನು ಕಾಲಿಗೆ ತೂಕ ಕಟ್ಟಿಸಿಕೊಂಡು ತಿಂಗಳುಗಟ್ಟಲೆ ಮಂಚದಲ್ಲಿ ಬಿದ್ದಿರಬೇಕಿತ್ತು. ಜರ್ಮನಿಯ ಗೆರ್‌ಹಾರ್ಡ್ ಕ್ಯುಂಚರ್ ೧೯೩೯ರಲ್ಲಿ ಎಲುಬಿನ ಪೊಳ್ಳಿನೊಳಕ್ಕೆ ಉದ್ದವಾದ ಉಕ್ಕಿನ ಸರಳನ್ನು ಹೊಗಿಸಿದನು. ಯುದ್ಧದ ಸೆರೆಯಿಂದ ಊರಿಗೆ ಮರಳಿದ ಸೈನಿಕರ ತೊಡೆಯಲ್ಲಿ ಆ ಸರಳನ್ನು ಕಂಡು ಇತರ ದೇಶಗಳ ವೈದ್ಯರು ಬೆರಗಾದರು. ಇಂದಿನ ಸರಳಿಗೆ ಎರಡು ತುದಿಗಳಲ್ಲೂ ಅಡ್ಡ ತಿರುಪುಮೊಳೆ ಹಾಕುತ್ತಾರೆ. ಅನೇಕ ರೋಗಿಗಳು ಕೆಲವೇ ದಿನಗಳಲ್ಲಿ ಊರುಗೋಲು ಹಿಡಿದು ನಡೆಯತೊಡಗುತ್ತಾರೆ.

ಇನ್ನೊಂದು ಉಪಾಯ ಲೋಹದ ಪಟ್ಟಿ. ೧೯೫೮ರಲ್ಲಿ ಸ್ವಿಟ್ಜರ್ಲೆಂಡಿನ ಕೆಲವು ಶಸ್ತ್ರವೈದ್ಯರು ‘ಎ.ಓ.’ ಎಂಬ ಸಂಘವನ್ನು ಕಟ್ಟಿ, ಪಟ್ಟಿ ಮತ್ತು ಮೊಳೆಗಳಿಂದ ಎಲುಬನ್ನು ಭದ್ರವಾಗಿ ಬಿಗಿದು ಕೀಲನ್ನು ಬೇಗ ಆಡಿಸಬೇಕೆಂಬ ಪದ್ಧತಿಯನ್ನು ರೂಪಿಸಿದರು. ಪ್ರತಿಯೊಂದು ಚೂರನ್ನೂ ಬಿಡದೆ ಜೋಡಿಸಬೇಕೆಂಬ ಉತ್ಸಾಹದಲ್ಲಿ ಮಾಂಸವನ್ನೂ ಎಲುಬಿನ ಮೇಲ್ಪೊರೆಯನ್ನೂ ಅಗಲವಾಗಿ ಸುಲಿದ ಕಡೆ ಎಲುಬು ಕೂಡಲು ತಡವಾದುದು ಬರಬರುತ್ತ ಕಂಡುಬಂದಿತು. ಚೂರುಗಳಿಗೆ ರಕ್ತ ಬರುತ್ತಿದ್ದುದು ಆ ಪೊರೆಯಿಂದ, ಆ ಮಾಂಸದಿಂದ. ಆದುದರಿಂದ ಈಗ ಸಾಧ್ಯವಾದಲ್ಲೆಲ್ಲ ಸಣ್ಣ ಗಾಯ ಮಾಡಿ, ಮುರಿದ ಜಾಗವನ್ನು ತೆರೆಯದೆ, ಕಿರಣಯಂತ್ರದ ಪರದೆಯನ್ನು ನೋಡುತ್ತಲೇ ಪಟ್ಟಿಯನ್ನು ಜಾರಿಸುತ್ತಾರೆ. ಫೋಕ್‌ಮನ್ ಕಟ್ಟಿನಲ್ಲಿ ಕಂಡ ಪಾಠವನ್ನೇ ಶಸ್ತ್ರವೈದ್ಯರು ಲೋಹದಲ್ಲಿ ಮತ್ತೊಮ್ಮೆ ಕಲಿತರು.

ಜಾರಿಬಿದ್ದ ವೃದ್ಧೆಯ ತೊಡೆಸಂದಿನಲ್ಲಿಯೂ ರಕ್ತದ ಪ್ರಶ್ನೆಯೇ. ತೊಡೆಯೆಲುಬಿನ ಕುತ್ತಿಗೆ ಮುರಿದು ಸರಿದರೆ ಅದರ ಗುಂಡುತಲೆಗೆ ಬರುವ ಸಣ್ಣ ನಾಳಗಳು ಹರಿದು ತಲೆಯೇ ಸಾಯಬಹುದು. ಅದಕ್ಕಾಗಿ ವಯಸ್ಸಾದವರಲ್ಲಿ ಬಹುಮಟ್ಟಿಗೆ ಆ ತಲೆಯನ್ನು ತೆಗೆದು ಕೃತಕವಾದುದನ್ನು ಕೂಡಿಸುತ್ತಾರೆ. ಇಂಗ್ಲೆಂಡಿನ ಜಾನ್ ಚಾರ್ನ್ಲಿ ೧೯೬೨ರಲ್ಲಿ ಲೋಹದ ಗುಂಡು ಮತ್ತು ಪಾಲಿಥೀನಿನ ಬಟ್ಟಲು ಸೇರಿದ ಕೃತಕ ಕೀಲನ್ನು ಯಶಸ್ವಿಯಾಗಿ ಬಳಕೆಗೆ ತಂದನು. ಇಂಥ ಮುರಿತದಲ್ಲಿ ‘ವಯಸ್ಸಾಯಿತು, ಮಲಗಿರಲಿ’ ಎನ್ನುವುದು ಕ್ರೂರವಾದ ಕರುಣೆ; ಮಲಗಿದಲ್ಲಿಯೇ ಹುಣ್ಣು, ನ್ಯುಮೋನಿಯಾ, ಹೆಪ್ಪುರಕ್ತಗಳು ಬಂದು ಮುಗಿಸುತ್ತವೆ. ಒಂದೆರಡು ದಿನಗಳೊಳಗೆ ಶಸ್ತ್ರಚಿಕಿತ್ಸೆ ಮಾಡಿ ಎಬ್ಬಿಸಿ ನಡೆಸುವುದೇ ಇಂದಿನ ಕ್ರಮ.

ಯಾವುದು ಮೇಲೆಂದು ತಿಳಿಯುವುದು ಹೇಗೆ?

ಹೊಸ ಉಪಕರಣ ಬಂದೊಡನೆ ಅದು ಉತ್ತಮವೆಂದು ನಂಬುವುದು ಸಹಜ. ವಿಜ್ಞಾನವು ನಂಬುವ ಮೊದಲು ತೂಗಿ ನೋಡುತ್ತದೆ. ಒಂದೇ ಬಗೆಯ ಮುರಿತವುಳ್ಳ ರೋಗಿಗಳನ್ನು ಚೀಟಿಯೆತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಒಂದು ಚಿಕಿತ್ಸೆ, ಇನ್ನೊಂದಕ್ಕೆ ಮತ್ತೊಂದು ಚಿಕಿತ್ಸೆ ಕೊಟ್ಟು, ತಿಂಗಳುಗಳ ಮೇಲೆ ನೋವೆಷ್ಟು, ಚಲನೆಯೆಷ್ಟು ಎಂದು ಅಂಕಗಳಲ್ಲಿ ಅಳೆಯುವರು. ೨೦೧೪ರಲ್ಲಿ ಪ್ರಕಟವಾದ ಬ್ರಿಟನ್ನಿನ ಪರೀಕ್ಷೆಯೊಂದರಲ್ಲಿ, ಮಣಿಕಟ್ಟಿನ ಬಳಿ ಎಲುಬು ಮುರಿದ ೪೬೧ ಜನರಲ್ಲಿ ಕೆಲವರಿಗೆ ದುಬಾರಿಯಾದ ಪಟ್ಟಿಯನ್ನೂ ಉಳಿದವರಿಗೆ ಅಗ್ಗದ ತಂತಿಯನ್ನೂ ಹಾಕಿದರು. ಇವೆಲ್ಲ ಚರ್ಮ ಕೊಯ್ಯದೆ ಸರಿಪಡಿಸಬಹುದಾದ ಮುರಿತಗಳು. ವರ್ಷ ಕಳೆದಾಗ ಎರಡು ಗುಂಪಿಗೂ ಗಣನೀಯ ಅಂತರವಿರಲಿಲ್ಲ.

ಹೊರಬಂದ ಮುರಿತಗಳನ್ನು ತೊಳೆಯುವ ಬಗೆಯನ್ನು ಕುರಿತು ಭಾರತವೂ ಸೇರಿದಂತೆ ಐದು ದೇಶಗಳಲ್ಲಿ ನಡೆದ ಪರೀಕ್ಷೆಯ ಫಲಿತಾಂಶ ೨೦೧೫ರಲ್ಲಿ ಹೊರಬಂದಿತು. ೨,೪೦೦ಕ್ಕೂ ಹೆಚ್ಚು ರೋಗಿಗಳಲ್ಲಿ ಸಾಬೂನಿನ ದ್ರಾವಣಕ್ಕಿಂತ ಸಾಮಾನ್ಯ ಉಪ್ಪುನೀರೇ ಮೇಲೆಂದು ತಿಳಿಯಿತು. ನೀರನ್ನು ರಭಸದಿಂದ ಚಿಮ್ಮಿಸುವ ಯಂತ್ರದಿಂದ ವಿಶೇಷ ಲಾಭ ಕಾಣಲಿಲ್ಲ. ನಮ್ಮ ನೆರೆನಾಡಿನ ಕೊಯಮತ್ತೂರಿನ ಗಂಗಾ ಆಸ್ಪತ್ರೆಯ ವೈದ್ಯರು ಚರ್ಮ, ಎಲುಬು, ಸ್ನಾಯು ಇವುಗಳ ಗಾಯಕ್ಕೆ ಬೇರೆ ಬೇರೆಯಾಗಿ ಅಂಕ ಕೊಟ್ಟು, ಜಜ್ಜಿದ ಕಾಲನ್ನು ಉಳಿಸಬಹುದೇ ಎಂದು ನಿರ್ಣಯಿಸುವ ಕ್ರಮವನ್ನು ೨೦೦೬ರಲ್ಲಿ ಪ್ರಕಟಿಸಿದರು. ಒಂದು ಎಕರೆ ಮೆಣಸಿನ ಬೆಳೆಯ ಮೇಲೆ ಬದುಕುವ ಕುಟುಂಬಕ್ಕೆ ಈ ಬಗೆಯ ಸಂಶೋಧನೆಯ ಬೆಲೆ ಹೆಚ್ಚು. ಯಾವ ಕಾಲನ್ನು ಉಳಿಸಬಹುದು, ಎಲ್ಲಿ ಅಗ್ಗದ ತಂತಿ ಸಾಕು, ಎಲ್ಲಿ ಉಪ್ಪುನೀರು ಸಾಕು ಎಂಬುದನ್ನು ಅದು ಹೇಳುತ್ತದೆ.

ನಾವು ಮಾಡಬೇಕಾದುದು

ಈಗ ಹುಣಿಸೆಯ ಮರದ ಬುಡಕ್ಕೆ ಮರಳೋಣ. ಹುಡುಗನ ಕೈಯನ್ನು ಎಳೆಯಬಾರದು, ನೀವಬಾರದು. ಇದ್ದ ಭಂಗಿಯಲ್ಲಿಯೇ ರಟ್ಟನ್ನೋ ಮಡಿಸಿದ ದಿನಪತ್ರಿಕೆಯನ್ನೋ ಕೆಳಗೆ ಕೊಟ್ಟು ಸಡಿಲವಾಗಿ ಕಟ್ಟಬೇಕು. ಬೆರಳುಗಳು ಹೊರಗೆ ಕಾಣುತ್ತಿರಬೇಕು. ಗಾಯವಿದ್ದರೆ ಶುಭ್ರವಾದ ಬಟ್ಟೆ ಮುಚ್ಚಬೇಕು. ಅರಿಸಿನವಾಗಲಿ ಕಾಫಿಪುಡಿಯಾಗಲಿ ಹಾಕಬಾರದು. ಅರಿವಳಿಕೆ ಕೊಡಬೇಕಾಗಿ ಬಂದರೆ ಹೊಟ್ಟೆ ಖಾಲಿಯಿರಬೇಕಾದ್ದರಿಂದ ಏನನ್ನೂ ತಿನ್ನಿಸಬಾರದು. ರಸ್ತೆಯ ಅಪಘಾತದಲ್ಲಿ ಕುತ್ತಿಗೆಗೋ ಬೆನ್ನಿಗೋ ಪೆಟ್ಟಾಗಿರುವ ಸಂಶಯವಿದ್ದರೆ ಗಾಯಾಳುವನ್ನು ಮಡಚಿ ಎತ್ತದೆ ೧೦೮ಕ್ಕೆ ಕರೆ ಮಾಡಬೇಕು.

ರಾಣೇಬೆನ್ನೂರಿನಲ್ಲಿಯೂ ಬ್ಯಾಡಗಿಯಲ್ಲಿಯೂ ತಾಲ್ಲೂಕು ಮಟ್ಟದ ಸರ್ಕಾರಿ ಆಸ್ಪತ್ರೆಗಳಿವೆ. ಹಾವೇರಿಯಲ್ಲಿ ಜಿಲ್ಲಾ ಆಸ್ಪತ್ರೆಯಿದೆ. ಇನ್ನೂ ಹೆಚ್ಚಿನ ಚಿಕಿತ್ಸೆ ಬೇಕಾದರೆ ಹಾವೇರಿಯಿಂದ ಸುಮಾರು ೭೫ ಕಿಲೋಮೀಟರು ದೂರದ ಹುಬ್ಬಳ್ಳಿಯಲ್ಲಿ ೧೯೫೭ರಲ್ಲಿ ಸ್ಥಾಪಿತವಾದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ರಾಣೇಬೆನ್ನೂರಿನವರಿಗೆ ದಾವಣಗೆರೆಯು ಸುಮಾರು ೪೦ ಕಿಲೋಮೀಟರು. ದೂರವು ಕ್ರಮಿಸಲಾಗದಷ್ಟೇನೂ ಇಲ್ಲ. ತಡವಾಗುವುದು ಬಹುಮಟ್ಟಿಗೆ ದಾರಿಯಲ್ಲಲ್ಲ, ‘ಬೆಳಗಾಗಲಿ ನೋಡೋಣ’ ಎಂಬ ಮಾತಿನಲ್ಲಿ.

ವೇಳೆಗೆ ಸರಿಯಾಗಿ ಬಂದ ನಮ್ಮ ಹುಡುಗನಿಗೆ ಅರಿವಳಿಕೆ ಕೊಟ್ಟು, ಎಲುಬನ್ನು ನೆಲೆಗೆ ತಂದು, ಚರ್ಮದ ಮೂಲಕವೇ ಎರಡೋ ಮೂರೋ ತಂತಿಗಳನ್ನು ಹೊಗಿಸಿ ನಿಲ್ಲಿಸುವರು. ಮೂರು ನಾಲ್ಕು ವಾರಗಳಲ್ಲಿ ತಂತಿಗಳನ್ನು ತೆಗೆಯುವರು. ಉಳಿದುದನ್ನು ಅವನ ರಕ್ತವೇ ನೆರವೇರಿಸುವುದು. ಅಷ್ಟರವರೆಗೆ ಅವನ ಬೆರಳ ತುದಿಗಳನ್ನು ಆಗಾಗ ಮುಟ್ಟಿ ನೋಡುತ್ತಿರಬೇಕಾದವರು ಮನೆಯವರು. ಬೆರಳು ಬೆಚ್ಚಗಿದ್ದು ಆಡುತ್ತಿದ್ದರೆ, ಮುಂದಿನ ವರ್ಷ ಅದೇ ಕೈ ಮತ್ತೆ ಹುಣಿಸೆಯ ಕೊಂಬೆಯನ್ನು ಹಿಡಿಯುವುದರಲ್ಲಿ ಸಂದೇಹವಿಲ್ಲ.